ಉತ್ತರದ ಗೋಡೆಯಾಚೆಯ ಹನ್ನೆರಡು ಅಡಿ

ಹೋದ ವಾರ ಕೂನೂರಿಗೆ ಹೋಗಿದ್ದೆ. ಮಾರ್ಕೆಟ್ಟಿನ ಒಳಗಿನ ಹಳೆಯ ಅಂಗಡಿಯೊಂದರಲ್ಲಿ, ಯಾರೂ ಕೇಳದೆ ಉಳಿದುಹೋದ ಸಾಮಾನುಗಳ ನಡುವೆ, ಕೆಂಪು ಕಾರ್ಬಾಲಿಕ್ ಸೋಪೊಂದು ಕಣ್ಣಿಗೆ ಬಿತ್ತು. ಸುತ್ತಿದ ಕಾಗದ ಒಂದು ಮೂಲೆಯಲ್ಲಿ ಹರಿದಿತ್ತು. ಸುಮ್ಮನೆ ಎತ್ತಿ ಮೂಗಿನ ಹತ್ತಿರ ಹಿಡಿದೆ, ಅಷ್ಟೇ... ಕೋತಗಿರಿ ಬಸ್ಸು ಹೊರಡುವ ಹೊತ್ತಾಗಿತ್ತು. ಆದರೂ ಕಾಲು ಏಳಲಿಲ್ಲ. ಅಂಗಡಿಯವರು ಎರಡು ಸಲ ಕರೆದ ಮೇಲೆ ಎಚ್ಚರವಾಯಿತು.

ಅದು ನಮ್ಮ ನರ್ಸಕ್ಕನ ಕೈಯ ವಾಸನೆ.

ಅವರಿಗೆ ಹೆಸರಿತ್ತು, ಇಲ್ಲವೆಂದಲ್ಲ. ಆದರೆ ಹಟ್ಟಿಯಲ್ಲಿ, ನಮ್ಮ ಊರಿನಲ್ಲಿ, ಯಾರೂ ಅದನ್ನು ಹೇಳಿ ಕರೆದದ್ದು ನನಗೆ ನೆನಪಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ನರ್ಸಕ್ಕನೇ. ಸರ್ಕಾರಿ ಹೆರಿಗೆ ಕೇಂದ್ರದಲ್ಲಿ ಕೆಲಸ. ಕಂದು ಸ್ವೆಟರು, ಗಂಡಸರ ಬೂಟು, ಕಪ್ಪು ಚೀಲ, ಬೇಸಿಗೆಯಲ್ಲೂ ಬಿಡದ ಕೊಡೆ. ಟೀ ತೋಟಗಳ ನಡುವಿನ ಕಾಲುದಾರಿಯಲ್ಲಿ ಅವರು ಏರಿ ಬರುವುದು ಕಂಡರೆ ಯಾವ ಮನೆಯಲ್ಲಿ ಕೂಸು ಹುಟ್ಟುತ್ತದೆ ಎಂದು ಹೆಂಗಸರು ಲೆಕ್ಕ ಹಾಕುತ್ತಿದ್ದರು. ಮನೆಗೆ ಬಂದವರು ಮೊದಲು ಬಾಗಿಲಲ್ಲಿ ನಿಂತು, ಜನವರಿಯ ಹಿಮ ಬೀಳುವ ಬೆಳಗಾದರೂ ಸರಿ, ತಣ್ಣೀರಿನಲ್ಲಿ ಮೊಣಕೈವರೆಗೆ ಆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದರು. ಬಿಸಿನೀರು ಕಾಯಿಸಿದರೆ, "ಅದು ತಾಯಿಗ, ಎನಗ ಅಲ್ಲ" ಅನ್ನುತ್ತಿದ್ದರು.

ಹಟ್ಟಿಯ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದವರು ಅವರೇ. ಯಾರನ್ನು ಕಂಡರೂ ಅವರು ಹುಟ್ಟಿದ ಬಗೆಯಿಂದಲೇ ಗುರುತು. ನನ್ನನ್ನು ಕಂಡಾಗಲೆಲ್ಲ, "ಕಾಲು ಮುಂದಾಗಿ ಬಂದವಳು" ಎಂದು ಬೆನ್ನಿಗೊಂದು ಗುದ್ದು ಕೊಡುತ್ತಿದ್ದರು. ಪಂಚಾಯತಿ ಚುನಾವಣೆಯಲ್ಲಿ ಗೆದ್ದು ಹಾರ ಹಾಕಿಸಿಕೊಂಡು ನಿಂತಿದ್ದ ಒಬ್ಬನನ್ನು ನೋಡಿ, "ಇವ ಅಳಲಿಕ್ಕೇ ಒಪ್ಪಿಲೆ, ಎರಡು ಪೆಟ್ಟು ಕೊಟ್ಟೆ" ಎಂದು ಎಲ್ಲರೆದುರು ಹೇಳಿದ್ದರು. ಆ ಮನುಷ್ಯ ಹಾರದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದ.

ಅವರಿಗೆ ಮಕ್ಕಳಿರಲಿಲ್ಲ. ಒಂದು ಗಂಡು ಕೂಸು ಹುಟ್ಟಿ ಎರಡನೇ ದಿನ ತೀರಿಕೊಂಡಿತ್ತು ಎಂದು ಅಮ್ಮ ಒಮ್ಮೆ ತಗ್ಗಿದ ದನಿಯಲ್ಲಿ ಹೇಳಿದ್ದಳು. ಲಾರಿ ಓಡಿಸುತ್ತಿದ್ದ ಗಂಡನೂ ಬಹಳ ಹಿಂದೆಯೇ ಹೋಗಿದ್ದರು. ಅದಕ್ಕಿಂತ ಹೆಚ್ಚು ಯಾರೂ ಮಾತಾಡುತ್ತಿರಲಿಲ್ಲ.

ನಮ್ಮ ಚರ್ಚು ಇರುವುದು ಹಟ್ಟಿಯ ಕೆಳಗಿನ ಸಾಲಿನ ಮನೆಗಳು ಮುಗಿಯುವಲ್ಲಿ. ಮೇಲಿನ ಸಾಲುಗಳಲ್ಲಿ ನಮ್ಮವರೇ ಆದ ಹಿಂದೂ ಮನೆಗಳು, ಕೆಳಗೆ ನಾವು. ಮುತ್ತಜ್ಜಂದಿರು ಹಳ್ಳದಿಂದ ಕಲ್ಲು ಹೊತ್ತು ತಂದು ಕಟ್ಟಿದ ಕಟ್ಟಡ. ತಗಡಿನ ಮಾಡು, ಎರಡಡಿ ದಪ್ಪದ ಗೋಡೆ, ಉದ್ದನೆಯ ಕಿಟಕಿಗಳು. ಆ ಕಾಲದಲ್ಲಿ ಕನ್ನಡ ಬೈಬಲ್ಲು ಓದುತ್ತಿದ್ದರು. ನನ್ನ ಕಾಲಕ್ಕೆ ಆರಾಧನೆ ತಮಿಳಿಗೆ ತಿರುಗಿತ್ತು. ಹಳಬರ ಸಾವಿನಲ್ಲಿ ಮಾತ್ರ ಕನ್ನಡದ ಹಾಡು ಕೇಳುತ್ತಿತ್ತು. ನನಗೆ ಕನ್ನಡದ ಹುಚ್ಚು ಹತ್ತಿದ್ದು ಅಜ್ಜನ ಆ ಬೈಬಲ್ಲಿನಿಂದ. ಅದೇ ಹುಚ್ಚಿನಲ್ಲಿ ಮೈಸೂರಿಗೆ ಹೋಗಿ ಓದಿ ಬಂದು, ಕೋತಗಿರಿಯ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಚೆನ್ನಾಗಿ ಬರೆಯುತ್ತೇನೆ ಎಂಬ ಹೆಸರೂ ಬಂದಿತ್ತು. ಆ ಹೆಸರೇ ನನ್ನನ್ನು ಕೆಡಿಸಿದ್ದು.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಎಸ್ಟೇಟ್ ಕೂಲಿಕಾರರ ಲೈನು ಮನೆಗಳಿಂದ, ಟೀ ಎಲೆ ಫ್ಯಾಕ್ಟ್ರಿಯ ಕೆಲಸಗಾರರ ಮನೆಗಳಿಂದ ಹೊಸ ಕುಟುಂಬಗಳು ನಮ್ಮ ಚರ್ಚಿನ ಸಭೆಗೆ ಸೇರುತ್ತಿದ್ದವು. ಒಳಗೆ ಜಾಗ ಸಾಲದಾಯಿತು. ಭಾನುವಾರ ತಡವಾಗಿ ಬಂದವರು ಮೆಟ್ಟಿಲ ಮೇಲೆ, ಅವರಿಗೂ ತಡವಾದವರು ಅಂಗಳದಲ್ಲಿ. ಜುಲೈ ಮಳೆಯಲ್ಲಿ ಕೊಡೆ ಹಿಡಿದುಕೊಂಡು, ಎದೆಯ ಮೇಲೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತು ಪ್ರಾರ್ಥನೆ ಮಾಡುವ ಹೆಂಗಸರನ್ನು ನಾನೇ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ನಮಗೆ ಒಳಗೆ ಬೆಂಚು ಇತ್ತು. ಕಲ್ಲು ಹೊತ್ತವರ ಮನೆತನಗಳಿಗೆಲ್ಲ ಮುಂದಿನ ಬೆಂಚುಗಳು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಅಲ್ಲಿ ಬೇರೆಯವರು ಕೂರುತ್ತಿರಲಿಲ್ಲ.

ಆಗ ಪಾದ್ರಿಯಾಗಿ ಬಂದಿದ್ದ ಅಯ್ಯನವರು ವಯಸ್ಸಿನಲ್ಲಿ ಚಿಕ್ಕವರು. ಚರ್ಚನ್ನು ದೊಡ್ಡದು ಮಾಡೋಣ ಎಂದು ಕಮಿಟಿಯ ಮುಂದೆ ಇಟ್ಟವರು ಅವರು. ಅಳತೆ ನೋಡಲು ಇಂಜಿನಿಯರ್ ಬಂದರು. ದಕ್ಷಿಣಕ್ಕೆ ರಸ್ತೆ, ಪಶ್ಚಿಮಕ್ಕೆ ಕಡಿದಾದ ಇಳಿಜಾರು, ಪೂರ್ವಕ್ಕೆ ಅಯ್ಯನವರ ಮನೆ. ಉಳಿದದ್ದು ಉತ್ತರ. ಆ ಕಡೆಯ ಗೋಡೆ ತೆಗೆದು ಹನ್ನೆರಡು ಅಡಿ ಆಚೆ ಕಟ್ಟಿದರೆ ಹೊರಗೆ ನಿಂತವರೆಲ್ಲ ಒಳಗೆ ಕೂರಬಹುದು ಎಂದರು.

ಆದರೆ ಉತ್ತರದ ಆ ಪಟ್ಟಿಯಲ್ಲಿ, ಹಳೆಯ ಬೇಲಿಯ ಬದಿಯಲ್ಲಿ, ಕೆಲವು ಸಮಾಧಿಗಳಿದ್ದವು. ಕಲ್ಲಿಲ್ಲ, ಶಿಲುಬೆಯಿಲ್ಲ, ಬರೀ ಹುಲ್ಲು. ದಾರಿಯಲ್ಲಿ ಸತ್ತ ಪರದೇಶಿಗಳನ್ನು, ದೀಕ್ಷಾಸ್ನಾನ ಆಗದ ಕೂಸುಗಳನ್ನು ಹಿಂದೆ ಅಲ್ಲಿ ಇಡುತ್ತಿದ್ದರಂತೆ. ಮನೆತನಗಳ ಸಾಲು ಸಮಾಧಿಗಳು ಕೆಳಗೆ ಬೇರೆ ಜಾಗದಲ್ಲಿ. ಬೇಲಿಯ ಬದಿಯಲ್ಲಿ ಇರುವವರಲ್ಲಿ ಯಾರೆಂದು ನಮಗೆ ತಿಳಿದಿದ್ದದ್ದು ಒಂದೇ ಒಂದು: ನರ್ಸಕ್ಕನ ಕೂಸು.

ಕಟ್ಟುವುದು ಬೇಡ ಅನ್ನುವವರ ಮುಂದಾಳು ನನ್ನ ದೊಡ್ಡಪ್ಪ. ಒಳ್ಳೆಯ ಮನುಷ್ಯ. ಆದರೆ ತಾತ ಹೊತ್ತು ತಂದ ಕಲ್ಲನ್ನು ಕೀಳುವುದೆಂದರೆ ಅವರಿಗೆ ತಾತನ ಮೂಳೆಯನ್ನೇ ಕಿತ್ತಂತೆ. ಅದರ ಜೊತೆಗೆ ಇನ್ನೊಂದೂ ಇತ್ತು. ಚರ್ಚು ದೊಡ್ಡದಾದರೆ ಬೆಂಚುಗಳನ್ನು ಹೊಸದಾಗಿ ಹಾಕಬೇಕು. ಆಮೇಲೆ ಯಾರು ಎಲ್ಲಿ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ... ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನಮಗೆಲ್ಲ ಅರ್ಥವಾಗಿತ್ತು, ನಾವೂ ಹೇಳಲಿಲ್ಲ.

ಬಿಷಪ್ಪರಿಗೆ ಒಂದು ಮನವಿ ಬರೆಯಬೇಕೆಂದು ದೊಡ್ಡಪ್ಪ ನನ್ನನ್ನು ಮನೆಗೆ ಕರೆಸಿದರು. ದೊಡ್ಡಮ್ಮ ಬಿಸಿ ಕಾಫಿ ಕೊಟ್ಟಳು. ಕಲ್ಲು, ತಾತಂದಿರು, ಪರಂಪರೆ ಎಂದೆಲ್ಲ ಬರೆದದ್ದಾಯಿತು. ಓದಿ ನೋಡಿದರೆ ಸಪ್ಪೆ ಅನ್ನಿಸಿತು. ಆಗ ಯಾರೋ, "ನರ್ಸಕ್ಕನ ಕೂಸು ಅಲ್ಲಿ ಉಂಟಲ್ಲ" ಅಂದರು. ನನ್ನ ಪೆನ್ನಿಗೆ ಜೀವ ಬಂತು. ಒಬ್ಬ ತಾಯಿ ಇದ್ದಾಳೆ, ಅವಳ ಒಂದೇ ಕೂಸು ಆ ಮಣ್ಣಿನಲ್ಲಿದೆ, ಅದರ ಮೇಲೆ ನಾವು ಚಪ್ಪಲಿ ಕಾಲಿಟ್ಟು ನಡೆದಾಡುವುದೇ, ವಾಸಿಯಾದ ಕರುಳಿನ ಗಾಯವನ್ನು ಮತ್ತೆ ಬಗೆಯುವುದೇ ಎಂದು ತಮಿಳಿನಲ್ಲಿ ಒಂದು ಪುಟ ತುಂಬ ಬರೆದೆ. ಓದಿ ಹೇಳಿದಾಗ ದೊಡ್ಡಮ್ಮ ಕಣ್ಣೊರೆಸಿಕೊಂಡಳು. ನನಗೆ ಹೆಮ್ಮೆಯಾಯಿತು. ಇದನ್ನು ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ನರ್ಸಕ್ಕನ ಮನೆ ದೊಡ್ಡಪ್ಪನ ಮನೆಯಿಂದ ನಾಲ್ಕನೆಯದು. ನಾವು ಯಾರೂ ಅಲ್ಲಿಗೆ ಹೋಗಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಇಡೀ ಸಭೆಯ ಕೂಟ. ಕಳಿಸುವ ಮೊದಲು ಎಲ್ಲರೂ ಕೇಳಲಿ ಎಂದು ಅಯ್ಯನವರೇ ಮನವಿಯನ್ನು ಗಟ್ಟಿಯಾಗಿ ಓದಿದರು. ಹೊರಗೆ ಮಂಜು ಕವಿದಿತ್ತು. ಬಾಗಿಲ ಬಳಿ ಲೈನಿನ ಜನ ತಲೆ ತಗ್ಗಿಸಿ ನಿಂತಿದ್ದರು. ತಾಯಿಯ ಮಾತು ಬಂದಾಗ ಬೆಂಚುಗಳಲ್ಲಿ ಒಂದು ನಿಟ್ಟುಸಿರು ಹರಿಯಿತು. ಕಟ್ಟಬೇಕೆನ್ನುವವರೂ ನೆಲ ನೋಡತೊಡಗಿದರು. ಅಂಥ ಮಾತಿಗೆ ಎದುರಾಡುವುದು ಹೇಗೆ? ಗೆದ್ದೆವು ಅನ್ನಿಸಿತು.

ಆಗ ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ಬೂಟಿನ ಸದ್ದಾಯಿತು. ನರ್ಸಕ್ಕ ಎದ್ದು ನಿಂತಿದ್ದರು. ಕೂಟಗಳಲ್ಲಿ ಹೆಂಗಸರು ಎದ್ದು ಮಾತಾಡುವ ರೂಢಿ ನಮ್ಮಲ್ಲಿ ಆಗ ಇರಲಿಲ್ಲ.

"ಆ ಕಾಗದದ ಒಳಗ ಇರುವ ತಾಯಿ ನಾನೇ ತಾನೆ?" ಎಂದು ಕೇಳಿದರು. ದನಿ ಏರಿರಲಿಲ್ಲ. "ಎನ್ನ ಯಾರೂ ಕೇಳಿಲೆ."

ದೊಡ್ಡಪ್ಪ ತಿರುಗಿ, "ನಿನಗ ನೋವಾಗಬಾರದು ಅಂತ ತಾನೆಮ್ಮ..." ಎಂದರು.

"ಎನಗ ನೋವಾದದ್ದು ಅಂದು, ಅಣ್ಣ. ಅವಗ ದೀಕ್ಷೆಯ ನೀರು ಹಾಕಿಲೆ, ಅವ ಸಮಾಧಿ ಸಾಲಿಗ ಬರಬಾರದು ಅಂದರಿ. ಬೇಲಿ ಬದಿಗ ಇಟ್ಟರಿ. ಅಂದು ನಿನ್ನ ಅಪ್ಪನೂ ನಿಂತಿದ್ದರು. ನಾನು ಒಂದು ಮಾತು ಆಡಿಲೆ."

ತಗಡಿನ ಮೇಲೆ ಮಂಜು ನೀರಾಗಿ ತೊಟ್ಟಿಕ್ಕುವುದು ಕೇಳುತ್ತಿತ್ತು.

"ಇಷ್ಟು ವರುಷ ಭಾನುವಾರ ಭಾನುವಾರ ನಾನು ಒಳಗ ಕೂತು ಹಾಡಿದೆ, ಅವ ಗೋಡೆ ಆಚೆಗ. ಇಂದು ಗೋಡೆನೇ ಅವನ ಬಳಿಗ ಹೋಗುವಾಗ ನಿಂಗ ಏಕ ತಡೆಯುವದು? ಕಟ್ಟುವದು ಬೇಡ ಅಂದರ ಬೇಡ ಅನ್ನಿ, ಅದು ನಿಂಗಳ ಇಷ್ಟ. ಎನ್ನ ಕೂಸ ಮುಂದ ಇಟ್ಟು ಅನ್ನಬೇಡಿ."

ಆಮೇಲೆ ಬಾಗಿಲ ಕಡೆ, ಅಲ್ಲಿ ನಿಂತಿದ್ದವರ ಕಡೆ ಒಮ್ಮೆ ನೋಡಿ, "ಕಟ್ಟಿ. ಅವ ಒಳಗ ಬರಲಿ" ಎಂದು ಹೇಳಿ ಕೂತರು.

ಅಯ್ಯನವರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಕಟ್ಟಲು ಒಪ್ಪುವವರು ಕೈ ಎತ್ತಿ ಎಂದಾಗ ಮೊದಲು ಎದ್ದ ಕೈ ನನ್ನ ಅಮ್ಮನದು. ಆಮೇಲೆ ಹೆಂಗಸರ ಕಡೆಯೆಲ್ಲ. ನಂತರ ಗಂಡಸರು, ಒಬ್ಬರ ಮುಖ ಒಬ್ಬರು ನೋಡಿಕೊಂಡು. ದೊಡ್ಡಪ್ಪ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಾನು ಕೈ ಎತ್ತಿದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಎತ್ತಿದೆ ಎಂದುಕೊಳ್ಳಲು ಇಷ್ಟ...

ಮರುದಿನ ಶಾಲೆಯಿಂದ ಬಂದವಳು ನೇರ ನರ್ಸಕ್ಕನ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಬೀನ್ಸಿನ ಬಳ್ಳಿಗೆ ಕೋಲು ನೆಡುತ್ತಿದ್ದರು. ತಪ್ಪಾಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರು ನನಗೆ ಬಾಯಿ ತೆರೆಯಲೇ ಬಿಡಲಿಲ್ಲ.

"ಆ ಮಾತೆಲ್ಲ ನಿಂದು ತಾನೆ? ನಿನ್ನ ದೊಡ್ಡಪ್ಪಗ ಅಷ್ಟು ಚೆಂದ ಬರೆಯಲು ಬಾರದು."

ನಾನು ಅತ್ತೆ. ಅವರು ಕೋಲು ನೆಟ್ಟು ಮುಗಿಸಿ, ಕೈ ತೊಳೆದುಕೊಂಡು, ಒಳಗೆ ಕರೆದು ಕಪ್ಪು ಟೀ ಕೊಟ್ಟರು. ಅಂದು ಮೊದಲ ಸಲ ಆ ಕೂಸಿನ ವಿಷಯ ಹೇಳಿದರು. ಏಳನೇ ತಿಂಗಳಿಗೇ ಹುಟ್ಟಿತ್ತಂತೆ. ಅಂಗೈಯಲ್ಲಿ ಹಿಡಿಸುವಷ್ಟು. ಜೋರು ಮಳೆ, ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ದೀಕ್ಷಾಸ್ನಾನ ಮಾಡಿಸಲೆಂದು, ಆಗ ಕೋತಗಿರಿಯಲ್ಲಿದ್ದ ಅಯ್ಯನವರನ್ನು ಕರೆತರಲು ಗಂಡ ನಡೆದೇ ಹೋಗಿದ್ದರು. ಅವರಿಬ್ಬರೂ ನೆನೆದು ತೊಪ್ಪೆಯಾಗಿ ಮನೆ ಸೇರುವ ಹೊತ್ತಿಗೆ ಕೂಸು ತಣ್ಣಗಾಗಿತ್ತು.

"ಅಯ್ಯ ಇಲ್ಲದೆ ಹೋದರ, ಯಾರು ಬೇಕಾದರೂ ನೀರು ಹಾಕಬಹುದಿತ್ತು. ನಾನೇ ಹಾಕಬಹುದಿತ್ತು. ಚೊಂಬು ತುಂಬ ನೀರು ಬಳಿಯಲ್ಲೇ ಇತ್ತು" ಎಂದರು. "ಎನಗ ಯಾರೂ ಹೇಳಿಲೆ. ನಾನೂ ಕೇಳಿಲೆ."

ಅದಾದ ಮೇಲೆ ಅವರು ಹೆರಿಗೆಗೆ ಹೋದ ಕ್ರೈಸ್ತರ ಮನೆಗಳಲ್ಲಿ ಕೂಸು ನಿತ್ರಾಣವಾಗಿ ಕಂಡರೆ ಮೊದಲು ತಾಯಿಯ ಕಿವಿಯಲ್ಲಿ ಕೇಳುತ್ತಿದ್ದರಂತೆ, ನೀರು ಹಾಕಲಾ ಎಂದು. ಹಾಗೆ ಅವರ ಕೈಯಿಂದ ನೀರು ಬಿದ್ದವರಲ್ಲಿ ಕೆಲವರು ಬದುಕಿ, ಬೆಳೆದು, ಈಗ ಮೀಸೆ ತಿರುವಿಕೊಂಡು ಓಡಾಡುತ್ತಿದ್ದಾರೆ ಎಂದು ಹೇಳುವಾಗ ನಕ್ಕರು. ಏಳುವಾಗ ನನ್ನ ಬೆನ್ನಿಗೆ ಎಂದಿನ ಗುದ್ದು ಬಿತ್ತು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

ಬಿಷಪ್ಪರ ಕಚೇರಿಯಿಂದ ಒಪ್ಪಿಗೆ ಬಂದು, ಮಳೆ ನಿಂತ ಮೇಲೆ ಕೆಲಸ ಶುರುವಾಯಿತು. ಮೇಸ್ತ್ರಿ ಮೇಟ್ಟುಪಾಳ್ಯದ ಕಡೆಯವರು. ಹುಲ್ಲು ಕೆರೆಯುವ ದಿನ ನರ್ಸಕ್ಕ ಬೆಳಿಗ್ಗೆಯೇ ಬಂದರು. ಮೂರನೇ ಕಿಟಕಿಯ ನಡುವಿಗೆ ಬೆನ್ನು ಕೊಟ್ಟು ನಿಂತು, ಬೇಲಿಯ ಕಡೆ ನಾಲ್ಕು ಹೆಜ್ಜೆ ನಡೆದು, ಕೊಡೆಯ ತುದಿಯನ್ನು ನೆಲಕ್ಕೂರಿದರು. ಒಂದು ಗುರುತೂ ಇಲ್ಲದ ಹುಲ್ಲಿನಲ್ಲಿ ಒಂದು ಕ್ಷಣವೂ ಹುಡುಕಲಿಲ್ಲ. ಹಾರೆ, ಗುದ್ದಲಿ ಅತ್ತ ಬರಬಾರದು ಎಂದು ಮೇಸ್ತ್ರಿಗೆ ಹೇಳಿ, ಮೂರು ದಿನ ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. ಮಧ್ಯಾಹ್ನದ ಊಟವನ್ನು ಅಮ್ಮ ಅಲ್ಲಿಗೇ ಕಳಿಸುತ್ತಿದ್ದಳು.

ಮೇಸ್ತ್ರಿ ಮುರುಗನ ಭಕ್ತರು, ಹಣೆ ತುಂಬ ವಿಭೂತಿ. ಆ ಜಾಗಕ್ಕೆ ನೆಲ ಹಾಸುವ ಸರದಿ ಬಂದಾಗ ಯಾರೂ ಹೇಳದೆ ಚಪ್ಪಲಿ ಕಳಚಿಟ್ಟರು. ಕೆಲಸದ ಹೆಂಗಸರೂ ಕಳಚಿದರು. ಮೊದಲು ಮರಳನ್ನು ಬುಟ್ಟಿಯಿಂದ ಸುರಿಯದೆ ಕೈಯಿಂದಲೇ ಹರಡಿ, ಸವರಿ, ಅದರ ಮೇಲೆ ಕಲ್ಲು ಹಾಸಿದರು. ನರ್ಸಕ್ಕನೂ ಒಂದು ಬೊಗಸೆ ಮರಳು ಹಾಕಿದರು. ಹಳೆಯ ಗೋಡೆಯಿಂದ ಬಿಚ್ಚಿದ ಕಲ್ಲುಗಳನ್ನೇ ಹೊಸ ಗೋಡೆಗೆ ಬಳಸಿದ್ದರಿಂದ ತಾತಂದಿರ ಕಲ್ಲು ಒಂದೂ ದಂಡವಾಗಲಿಲ್ಲ.

ಆ ಜಾಗದಲ್ಲಿ ಒಂದು ಅಮೃತಶಿಲೆ ಹಾಕಿಸೋಣ ಎಂದು ಅಯ್ಯನವರು ಕೇಳಿದಾಗ ಅವರು ಒಪ್ಪಲಿಲ್ಲ. "ಬೇಡಯ್ಯ. ಕಲ್ಲು ಹಾಕಿದರ ಜನ ಸುತ್ತಿ ನಡೆಯುವರು. ಬೆಂಚು ಹಾಕಿ. ಕೂತು ಹಾಡಲಿ."

ಪ್ರತಿಷ್ಠೆಯ ದಿನ ಆ ಬೆಂಚಿನಲ್ಲಿ ಕೂತದ್ದು ಎಸ್ಟೇಟ್ ಲೈನಿನ ಒಂದು ಕುಟುಂಬ. ಮಳೆಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದ ಹೆಂಗಸೇ. ಅವಳ ಕೂಸು ಬಿಷಪ್ಪರ ಪ್ರಸಂಗದ ಉದ್ದಕ್ಕೂ ಕಿರುಚಿ ಅತ್ತಿತು. ಜನ ತಿರುಗಿ ತಿರುಗಿ ನೋಡಿದರು, ಅವಳು ಎದ್ದು ಹೊರಗೆ ಹೋಗಲು ನೋಡಿದಳು. ಹಿಂದಿನ ಬೆಂಚಿನಲ್ಲಿದ್ದ ನರ್ಸಕ್ಕ ಅವಳ ಹೆಗಲು ಹಿಡಿದು ಕೂರಿಸಿದರು. ಅವರ ಮುಖ ನನಗೆ ಕಾಣುತ್ತಿತ್ತು. ತಲೆ ತಗ್ಗಿಸಿಕೊಂಡಿದ್ದರು, ಆದರೆ ನಗುತ್ತಿದ್ದರು.

ದೊಡ್ಡಪ್ಪ ಮೂರು ತಿಂಗಳು ಚರ್ಚಿಗೆ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಬಂದಾಗ ಅವರ ಬೆಂಚಿನಲ್ಲಿ ಫ್ಯಾಕ್ಟ್ರಿಯ ಹುಡುಗರು ಕೂತಿದ್ದರು. ನಡುವೆ ನಿಂತು ಅತ್ತಿತ್ತ ನೋಡುತ್ತಿದ್ದರು. ಗಂಡಸರು ಹೆಂಗಸರು ಒಟ್ಟಿಗೇ ಕೂರುವ ಹೊಸ ಭಾಗದಿಂದ ನರ್ಸಕ್ಕ ಸ್ವಲ್ಪ ಸರಿದು, "ಇತ್ತಗ ಬಾಣ್ಣ, ಜಾಗ ಉಂಟು" ಎಂದು ಕರೆದರು. ದೊಡ್ಡಪ್ಪ ಹೋಗಿ ಕೂತರು. ಸಾಯುವವರೆಗೂ ಅಲ್ಲೇ ಕೂತರು.

ನರ್ಸಕ್ಕ ತೀರಿಕೊಂಡದ್ದು ಅದಾಗಿ ಏಳೆಂಟು ವರ್ಷಕ್ಕೆ. ನಾಲ್ಕೇ ದಿನದ ಜ್ವರ. ಮೇಲಿನ ಸಾಲುಗಳವರು, ಲೈನಿನವರು, ಆಚೆ ಹಟ್ಟಿಗಳವರು ಎಲ್ಲ ಬಂದಿದ್ದರು. ಪೆಟ್ಟಿಗೆ ಹೊರುವವರು ಯಾರು ಎಂಬ ಮಾತು ಬಂದಾಗ ಅಂಗಳದಲ್ಲಿ ಸಣ್ಣ ಜಗಳವೇ ಆಯಿತು. ಮಕ್ಕಳಿಲ್ಲದವರ ಪೆಟ್ಟಿಗೆಗೆ ಹೆಗಲು ಕೊಡಲು ಅಷ್ಟು ಜನ. "ಎನ್ನ ಎತ್ತಿದ್ದು ಅವರೇ" ಎಂದು ಒಬ್ಬ, "ಎನ್ನನೂ" ಎಂದು ಇನ್ನೊಬ್ಬ. ಕೊನೆಗೆ ಇಪ್ಪತ್ತು ಹೆಜ್ಜೆಗೆ ಒಮ್ಮೆ ಹೆಗಲು ಬದಲಿಸುವುದೆಂದು ತೀರ್ಮಾನವಾಯಿತು. ಅಂಥ ಒಬ್ಬ ಹೆಂಗಸಿನ ಕಾಲದಲ್ಲಿ, ಅವರ ಹಟ್ಟಿಯಲ್ಲಿ, ಅವರ ಕೈಯಲ್ಲೇ ಹುಟ್ಟಿದೆ ಎನ್ನುವುದು ನನಗೆ ಇಂದಿಗೂ ದೊಡ್ಡ ಹೆಮ್ಮೆ. ಅವರನ್ನು ಕೆಳಗಿನ ಸಮಾಧಿ ಸಾಲಿನಲ್ಲಿ ಗಂಡನ ಪಕ್ಕದಲ್ಲಿ ಇಟ್ಟೆವು. ಕನ್ನಡದ ಹಾಡನ್ನೇ ಹಾಡಿದೆವು. ಮಾತು ಗೊತ್ತಿಲ್ಲದ ಚಿಕ್ಕವರು ರಾಗ ಮಾತ್ರ ಹಿಡಿದರು.

ಈಗ ಸಭೆಯ ಕಾರ್ಯದರ್ಶಿ ನಾನು. ಕೂನೂರಿಗೆ ಹೋಗಿದ್ದೂ ಅದೇ ಕೆಲಸಕ್ಕೆ, ಗಟ್ಟಿ ರಟ್ಟಿನ ಪುಸ್ತಕಗಳನ್ನು ಕೊಳ್ಳಲು. ಸಭೆಯ ಹಳೆಯ ರಿಜಿಸ್ಟರುಗಳಿಗೆ ಹುಳು ಹಿಡಿದಿದೆ, ಅವನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸುತ್ತಿದ್ದೇನೆ. ನಿನ್ನೆ ಸಂಜೆ ಸಮಾಧಿಗಳ ಪುಸ್ತಕದಲ್ಲಿ ಆ ಸಾಲು ಸಿಕ್ಕಿತು. ಮಸಿ ಕಂದಿಹೋಗಿದೆ. 'ನರ್ಸ್ ಅವರ ಗಂಡು ಶಿಶು. ಎರಡು ದಿನ. ಸ್ಥಳ: ಬೇಲಿಯ ಬದಿ.' ಹೆಸರಿನ ಕಾಲಮಿನಲ್ಲಿ ಒಂದು ಗೆರೆ.

ಸ್ಥಳ ಎಂಬಲ್ಲಿ ನಾನು 'ಚರ್ಚಿನ ಒಳಗೆ' ಎಂದು ಬರೆದೆ. ಅಕ್ಷರ ದುಂಡಗೆ ಬಂತು.

ಎರಡು ದಿನ ಎದೆಗವಚಿಕೊಂಡ ತಾಯಿ ಏನೆಂದಾದರೂ ಕರೆದಿರುತ್ತಾರೆ. ಕರೆಯದೆ ಇರುತ್ತಾರೆಯೇ? ಅಂದು ಅವರ ಅಡುಗೆಮನೆಯಲ್ಲಿ ಕೂತು, ಒಂದು ಲೋಟ ಟೀ ಮುಗಿಯುವವರೆಗೂ ಅವರು 'ಅವ, ಅವ' ಎಂದೇ ಹೇಳಿದರು. ಕೇಳದೆ ಬರೆದ ತಪ್ಪಿಗೆ ಅಳುತ್ತಾ ಕೂತಿದ್ದ ನಾನು, ಅವನ ಹೆಸರೇನು ಎಂದು ಅಂದೂ ಕೇಳಲಿಲ್ಲ, ಆಮೇಲಿನ ಅಷ್ಟು ವರ್ಷಗಳಲ್ಲೂ ಕೇಳಲಿಲ್ಲ. ಈಗ ಹೇಳುವವರು ಯಾರೂ ಉಳಿದಿಲ್ಲ.

ಹೆಸರಿನ ಜಾಗದಲ್ಲಿ ಗೆರೆ ಎಳೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟಿದ್ದೇನೆ.